ಅರಿಷಿಣ ಹತ್ತಿದ ಸ್ಕ್ರೂ

ನನ್ನ ಗಂಡನ ಲೆಕ್ಕದಲ್ಲಿ ಲೋಕದ ಯಾವ ವಸ್ತುವೂ ಕೆಡುವುದಿಲ್ಲ, ಅದಕ್ಕೆ ತುಸು ಮೈ ಸರಿ ಇರುವುದಿಲ್ಲ, ಅಷ್ಟೆ. ನಮ್ಮ ಮನೆಯ ಛತ್ರಿಯ ಮೂರು ಕಡ್ಡಿ ಬೇರೊಂದು ಛತ್ರಿಯವು. ಕುಕ್ಕರಿನ ಹಿಡಿ ಹಳೆಯ ಇಸ್ತ್ರಿಪೆಟ್ಟಿಗೆಯದು. ಇಸ್ತ್ರಿಪೆಟ್ಟಿಗೆಗೆ ಹಿಡಿ ಬೇಡವೇ ಎಂದು ಕೇಳಿದರೆ, ಅದಕ್ಕೆ ಬಡಿಗೇರನ ಕಡೆಯಿಂದ ಕಟ್ಟಿಗೆಯದು ಮಾಡಿಸಿದ್ದರು. ಇವರು ರೋಣದಿಂದ ದಿನಾ ಬಸ್ಸಿನಲ್ಲಿ ನರಗುಂದಕ್ಕೆ ಹೋಗಿ ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಸಂಜೆ ಬರುತ್ತಿದ್ದರು. ಬಂದವರು ಚಹಾ ಕುಡಿಯುವ ಮೊದಲು ಮನೆಯಲ್ಲಿ ಯಾವುದಾದರೂ ಮುರಿದಿದೆಯೋ ಎಂದು ಆಸೆಯಿಂದ ಸುತ್ತ ನೋಡುತ್ತಿದ್ದರು.

ನಾನು ರೋಣದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸುತ್ತಿದ್ದೆವು. ಆ ಅಂಗಡಿಯವನಿಗೆ ಬಾಯಿ ಬಿಟ್ಟು ಓದದೆ ಟೈಪು ಮಾಡಲು ಬರುತ್ತಿರಲಿಲ್ಲ. ಮದುವೆ ಕಾರ್ಡು ಮಾಡಿಸಲು ಬಂದು ಕೂತ ಬೀಗರೆಲ್ಲ ನನ್ನ ಪ್ರಶ್ನೆಗಳನ್ನು ಕೇಳಿಸಿಕೊಂಡು, ತಮ್ಮ ತಮ್ಮಲ್ಲೇ ಉತ್ತರ ಚರ್ಚಿಸಿ, ಮನೆಗೆ ಹೋಗಿ ಮಕ್ಕಳಿಗೆ ಹೇಳುತ್ತಿದ್ದರು. ಒಂದು ವರ್ಷ ಇಡೀ ತರಗತಿ ಒಂದೇ ತಪ್ಪು ಉತ್ತರ ಬರೆದಾಗ ಮುಖ್ಯೋಪಾಧ್ಯಾಯರು, "ಇನ್ನ ಮ್ಯಾಲೆ ನಿಮ್ಮ ನಿಮ್ಮ ಪತ್ರಿಕಿ ನೀವ ಟೈಪ್ ಮಾಡ್ಕೋರಿ" ಎಂದರು.

ಮನೆಗೊಂದು ಕಂಪ್ಯೂಟರ್ ಬೇಕಾಯಿತು. ಆಗ ರೋಣದಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಲ್ಯಾಪ್‌ಟಾಪ್ ಆದರೆ ಕರೆಂಟಿಲ್ಲದಾಗಲೂ ನಡೆಯುತ್ತದೆ ಎಂದು ನಾನೇ ಹೇಳಿದೆ. ಇವರು ಒಪ್ಪಿ, ಎಂಟು ದಿನದಲ್ಲಿ ಹುಬ್ಬಳ್ಳಿಯ ಪರಿಚಯದವರೊಬ್ಬರಿಂದ ಒಂದನ್ನು ತಂದರು. ಅವರು ಹೊಸದು ತಗೊಂಡಿದ್ದರಿಂದ ಹಳೆಯದು ನಮ್ಮ ಪಾಲಿಗೆ ಬಂತು. ಎತ್ತಿದರೆ ಬೀಸುಕಲ್ಲಿನ ಮೇಲಿನ ಬಿಲ್ಲೆಯಷ್ಟು ಭಾರ. ಅದರ ಬ್ಯಾಟರಿ ಒಂದು ಕಪ್ಪು ಚಹಾ ಕುದಿಯುವಷ್ಟು ಹೊತ್ತು ನಿಲ್ಲುತ್ತಿತ್ತು. ಕರೆಂಟು ಹೋದ ಕೂಡಲೇ ಅದೂ ಹೋಗುತ್ತಿತ್ತು.

ಅದೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮುಚ್ಚಳವನ್ನು ಒಂದು ನಿರ್ದಿಷ್ಟ ಓರೆಯಲ್ಲಿ ಹಿಡಿದರೆ ಮಾತ್ರ ಪರದೆಯಲ್ಲಿ ಬೆಳಕು. ಬೆರಳು ಸಡಿಲಾದರೆ ಕತ್ತಲು. ಅದಕ್ಕೆ ಇವರು ಹಿಂದೆ ಒಂದು ಜೋಳದ ಡಬ್ಬಿ ಇಟ್ಟು ಆನಿಸಿ ಕೊಟ್ಟರು. ಅದರ ಜೊತೆಗೆ ಕೀಲಿಮಣೆಯಲ್ಲಿ ‘ಕ’ ಬರುವ ಗುಂಡಿಯೇ ಕಿತ್ತುಹೋಗಿತ್ತು. ‘ಕ’ ಇಲ್ಲದೆ ಕನ್ನಡ ಬರೆದು ನೋಡಿದವರಿಗೇ ಅದರ ಕಷ್ಟ ಗೊತ್ತು. ಮೊದಲ ಸಲ ಒಂದು ಕಿರುಪರೀಕ್ಷೆಯ ಪತ್ರಿಕೆ ಅದರಲ್ಲೇ ಟೈಪು ಮಾಡಿ, ‘ಕ’ ಇರುವಲ್ಲೆಲ್ಲ ಆಮೇಲೆ ಪೆನ್ನಿನಿಂದ ತಿದ್ದಿದೆ. ಒಂದು ಸಾಲು ಕಣ್ಣು ತಪ್ಪಿತು. "ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆಗಳಿವೆ?" ಎಂಬುದು, "ಪ್ಪೆಯ ಹೃದಯದಲ್ಲಿ ಎಷ್ಟು ಓಣೆಗಳಿವೆ?" ಎಂದು ಅಚ್ಚಾಯಿತು. ಹುಡುಗರು ಅದನ್ನು ಓಣಿ ಎಂದೇ ಓದಿಕೊಂಡರು. ಹೆಚ್ಚಿನವರು ಮೂರು ಓಣಿ ಎಂದು ಬರೆದಿದ್ದರು. ಒಬ್ಬಳು ಮಾತ್ರ, "ಮೂರು ಓಣಿ. ನಮ್ಮ ಊರಾಗ ಇದಕ್ಕಿಂತ ಹೆಚ್ಚು ಅದಾವು" ಎಂದು ಸೇರಿಸಿದ್ದಳು. ಪೂರ್ಣ ಅಂಕ ಕೊಟ್ಟೆ.

ಅದೇ ವಾರ ಗದಗಿನಲ್ಲಿ ಶಿಕ್ಷಕರ ತರಬೇತಿ ಇತ್ತು. ನನ್ನ ಮುಂದಿನ ಸಾಲಿನಲ್ಲಿ ಕೂತ ಒಬ್ಬ ಶಿಕ್ಷಕಿ ಚೀಲದಿಂದ ಕರಿಯ, ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ತೆಗೆದು ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತಿದಳು. ಅದು ಎತ್ತಿದಲ್ಲೇ ನಿಂತಿತು! ಮಧ್ಯಾಹ್ನದವರೆಗೆ ತರಬೇತಿಯಲ್ಲಿ ಏನು ಹೇಳಿದರೋ ನನಗೆ ಒಂದಕ್ಷರ ತಿಳಿಯಲಿಲ್ಲ. ಆ ಬೆರಳನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಹೇಳಿದೆ: "ನೋಡ್ರಿ, ಇದು ಆಗಿ ಬರೂದಿಲ್ಲ. ಹೊಸಾದು ತಗೊಳ್ಳೂಣು."

"ಅದಕ್ಕೇನಾಗೇತಿ?" ಎಂದರು ಇವರು. ನಿಜವಾಗಿಯೂ ಅವರಿಗೆ ಗೊತ್ತಾಗಲಿಲ್ಲ. "ಗಜೇಂದ್ರಗಡಕ್ಕ ಒಯ್ದು ಚಾಚಾನ ಕೈಯಾಗ ಕೊಟ್ರ ಎಲ್ಲಾ ಸರಿ ಆಗತೈತಿ."

"ಚಾಚಾ ರೇಡಿಯೋ ರಿಪೇರಿಯವರಲ್ಲೇನ್ರಿ?"

"ರೇಡಿಯೋ ಒಳಗೂ ವಾಯರ್ ಇರತಾವ, ಇದರೊಳಗೂ ವಾಯರ್ ಇರತಾವ."

ಬಹಳ ಹೊತ್ತು ವಾದವಾಯಿತು. ಕಡೆಗೆ ಇವರು ಒಂದು ಮಾತು ಕೊಟ್ಟರು. "ಚಾಚಾ ತಮ್ಮ ಬಾಯಿಲೆ ‘ಇದು ಮುಗೀತು’ ಅಂದ್ರ, ಅವತ್ತ ಹೊಸಾದು."

"ಖರೇ?"

"ಖರೇ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಮುಂದಿನ ಭಾನುವಾರ ಇಬ್ಬರೂ ಗಜೇಂದ್ರಗಡಕ್ಕೆ ಹೊರಟೆವು. ದಾರಿಯ ಕುಲುಕಾಟಕ್ಕೆ ಪೆಟ್ಟಾಗಬಾರದೆಂದು ಇವರು ಲ್ಯಾಪ್‌ಟಾಪನ್ನು ಒಂದು ಸಣ್ಣ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸು ಊರು ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿಯೊಬ್ಬಳು ಬಗ್ಗಿ ಕೇಳಿದಳು: "ಕೂಸಿಗೆ ಆರಾಮಿಲ್ಲೇನೋ ಯಪ್ಪಾ?"

ಇವರು ಮುಖದ ಒಂದು ಗೆರೆಯೂ ಅಲುಗದಂತೆ, "ಹೌದಬೇ, ಎರಡ ತಿಂಗಳಾತು, ಕಣ್ಣ ಬಿಡವಲ್ತು" ಎಂದರು.

"ಅಯ್ಯ ಶಿವನ! ಹಾಲರ ಕುಡೀತೈತೋ ಇಲ್ಲೋ?"

"ಕರೆಂಟ್ ಒಂದ ಕುಡೀತೈತಿ."

ಅಜ್ಜಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಇಟಗಿ ಭೀಮಾಂಬಿಕೆಗೆ ಹರಕೆ ಹೊರಬೇಕು, ಐದು ಅಮಾವಾಸ್ಯೆ ತಪ್ಪದೆ ಹೋಗಬೇಕು, ಕಣ್ಣಿಗೆ ಎಣ್ಣೆ ಹಾಕಬಾರದು ಎಂದೆಲ್ಲ ನನಗೆ ಹೇಳತೊಡಗಿದಳು. ನಾನು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವಳು ಅದನ್ನು ಅಳು ಎಂದು ತಿಳಿದು ನನ್ನ ಬೆನ್ನು ಸವರಿದಳು. ರಾಜೂರಿನ ಹತ್ತಿರ ಇಳಿಯುವ ಮೊದಲು ಕೂಸಿನ ಮುಖ ನೋಡುತ್ತೇನೆಂದು ಹಟ ಹಿಡಿದಾಗ ಇವರು ಕೌದಿ ಸರಿಸಿದರು. ಅಜ್ಜಿ ಒಂದು ಕ್ಷಣ ನೋಡಿ ಇವರ ತಲೆಗೆ ರಪ್ಪನೆ ಒಂದು ಬಿಟ್ಟಳು. "ಹಾಟ್ಯಾನ! ಪೆಟಗಿ ಹೊತಗೊಂಡ ಹೊಂಟು ನನ್ನ ಕಡೆ ಅಮಾಸಿ ಎಣಿಸಿದ್ಯಲ್ಲ!" ಇಡೀ ಬಸ್ಸು ನಕ್ಕಿತು. ನನ್ನ ಗಂಡನಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆಂದು ನನಗೆ ಅವತ್ತೇ ಗೊತ್ತಾಗಿದ್ದು. ನಾನೂ ಕಲಿಯಬಹುದು ಎನ್ನಿಸಿದ್ದೂ ಅವತ್ತೇ.

ಚಾಚಾನ ಅಂಗಡಿ ಗಜೇಂದ್ರಗಡದ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿತ್ತು. ಎರಡೂ ಬದಿಗೆ ನೇಕಾರರ ಮನೆಗಳು, ಮಗ್ಗಗಳ ಸದ್ದು ನಿಲ್ಲುತ್ತಿರಲಿಲ್ಲ. ಅಷ್ಟು ಸದ್ದಿನ ನಡುವೆ ಕೂತು ರೇಡಿಯೋದ ಗೊರಗೊರ ಕೇಳಿ ರೋಗ ಹೇಳುವ ಮನುಷ್ಯ ಅವರು. ಮೆಹಂದಿ ಹಚ್ಚಿದ ಗಡ್ಡ, ದಾರ ಕಟ್ಟಿದ ಚಷ್ಮಾ. ಗೋಡೆಯ ತುಂಬ ತೆರೆದಿಟ್ಟ ರೇಡಿಯೋ, ಟೇಪ್‌ರೆಕಾರ್ಡರ್. ಹೆಚ್ಚಿನವನ್ನು ವಾರಸುದಾರರು ಒಯ್ಯಲು ಬಂದೇ ಇರಲಿಲ್ಲ. ಮಂದಿ ಮೊಬೈಲಿನಲ್ಲಿ ಹಾಡು ಕೇಳಲು ಶುರು ಮಾಡಿದ್ದ ಕಾಲ ಅದು.

ಚಾಚಾ ಲ್ಯಾಪ್‌ಟಾಪನ್ನು ಕೌದಿಯಿಂದ ಬಿಚ್ಚಿ, ತಿರುಗಿಸಿ, ಚಾಲೂ ಮಾಡಿ, ಅದಕ್ಕೆ ಕಿವಿ ಹಚ್ಚಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ‘ಮುಗೀತು’ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಉಸಿರಾಡಾಕತ್ತೈತಿ," ಎಂದರು ಚಾಚಾ. "ಬಿಟ್ಟ ಹೋಗ್ರಿ. ಎಂಟ ದಿನಾ."

ಎಂಟು ದಿನದ ಮೇಲೆ ಇವರಿಗೆ ಮತದಾರರ ಪಟ್ಟಿಯ ಕೆಲಸ ಬಿದ್ದುದರಿಂದ ತರಲು ನಾನೊಬ್ಬಳೇ ಹೋದೆ. ಚಾಚಾ ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟು, ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತಿದರು. ಪರದೆ ಬೆಳಗಿತು. ಬೆರಳು ತೆಗೆದರು. ಬೆಳಕು ಹೋಗಲಿಲ್ಲ. ಒಂದು ಟೇಪ್‌ರೆಕಾರ್ಡರಿನ ವಾಯರು ತೆಗೆದು ಒಳಗೆ ಕೂಡಿಸಿದ್ದರಂತೆ. ಇಲ್ಲದ ಗುಂಡಿಯ ಜಾಗದಲ್ಲಿ, ಕನ್ನಡದಲ್ಲಿ ಅಪರೂಪಕ್ಕೂ ಬೇಕಾಗದ ಮೂಲೆಯ ಗುಂಡಿಯೊಂದನ್ನು ಕಿತ್ತು ಕೂರಿಸಿದ್ದರು. ಬ್ಯಾಟರಿ ಮಾತ್ರ ತಮ್ಮ ಕೈ ಮೀರಿದ್ದು ಎಂದರು.

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ನನ್ನ ಮುಖ ಸಪ್ಪಗಾದದ್ದನ್ನು ಚಾಚಾ ನೋಡಿದರೋ ಏನೋ, ನನ್ನನ್ನು ಖುಷಿಪಡಿಸಲು ಅದನ್ನು ಬೋರಲು ಹಾಕಿದರು. "ಅಕ್ಕೋರ, ನೀವು ವಿಜ್ಞಾನದವರಲ್ಲೇನ್ರಿ? ನೋಡ್ರಿಲ್ಲೆ." ಕೆಳಗೆ ಒಂದೇ ಸ್ಕ್ರೂ ಇರುವ ಸಣ್ಣ ಕಿಟಕಿಯಂಥ ಮುಚ್ಚಳವಿತ್ತು. ಅದನ್ನು ತೆಗೆದು ಒಳಗಿನ ಹಸಿರು ಪಟ್ಟಿ ತೋರಿಸಿದರು. "ಇದು ಇದರ ನೆನಪಿನ ಪಟ್ಟಿ. ಇದು ತುಸು ಸಡಲಾತಂದ್ರ ಮುಗೀತು ನೋಡ್ರಿ, ಕೋಳಿ ಕೂಗಿದಂಗ ಮೂರ ಸಲ ಕೂಗಿ ಸುಮ್ನಾಗತೈತಿ. ನಾ ಇದನ್ನ ಹುಡಕಾಕ ಮೂರ ದಿನಾ ಹತ್ತಿತು."

ಪಾಪ, ಆ ಮನುಷ್ಯ ಪ್ರೀತಿಯಿಂದ ವಿದ್ಯೆ ಹೇಳಿಕೊಟ್ಟ. ಕಲಿತವಳ ಬುದ್ಧಿ ನೆಟ್ಟಗಿರಲಿಲ್ಲ.

ಎರಡು ವಾರ ಅದು ನಿಷ್ಠೆಯಿಂದ ಕೆಲಸ ಮಾಡಿತು. ಇವರು ಬಂದವರಿಗೆಲ್ಲ ಮುಚ್ಚಳ ಎತ್ತಿ ಬಿಟ್ಟು ತೋರಿಸುತ್ತಿದ್ದರು. ನನಗೆ ಮಾತ್ರ ಗದಗಿನ ಆ ಕರಿಯ, ತೆಳ್ಳನೆಯ ಲ್ಯಾಪ್‌ಟಾಪ್ ಕಣ್ಣ ಮುಂದಿಂದ ಹೋಗಲಿಲ್ಲ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಎಣ್ಣೆಗಾಯಿಗೆ ಮಸಾಲೆ ಕಲಸಿಟ್ಟು ಬದನೆಕಾಯಿ ಸೀಳುತ್ತಿದ್ದೆ. ಕೈಯಲ್ಲಿ ಚಾಕು ಇತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಎದ್ದು ಹೋಗಿ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸಿ, ಹಸಿರು ಪಟ್ಟಿಯನ್ನು ಒಂದು ಎಳ್ಳಿನಷ್ಟು ಮೇಲಕ್ಕೆತ್ತಿ, ಮತ್ತೆ ಮುಚ್ಚಿದೆ. ಹಿಂದಿರುಗಿ ಬಂದು ಉಳಿದ ಬದನೆಕಾಯಿ ಸೀಳಿದೆ. ಎಣ್ಣೆಗಾಯಿ ಅವತ್ತು ಬಹಳ ಚೆನ್ನಾಗಿ ಆಗಿತ್ತು.

ಸಂಜೆ ಇವರು ಗುಂಡಿ ಒತ್ತಿದರು. ಅದು ಮೂರು ಸಲ ಕೂಗಿ ಸುಮ್ಮನಾಯಿತು.

"ಅಯ್ಯ," ಎಂದೆ ನಾನು.

ಇವರು ಬೈಯಲಿಲ್ಲ, ಸಂಶಯಪಡಲಿಲ್ಲ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಅಂಗೈಯನ್ನು ಅದರ ಮೇಲಿಟ್ಟು ಕೂತರು. ನನಗೆ ಒಂದು ಗಳಿಗೆ ಹೇಗೋ ಆಯಿತು. ಒಂದೇ ಗಳಿಗೆ.

ಮರುದಿನ ಒಬ್ಬರೇ ಗಜೇಂದ್ರಗಡಕ್ಕೆ ಹೋಗಿ ಸಂಜೆಯೊಳಗೆ ವಾಪಸು ಬಂದರು. ಲ್ಯಾಪ್‌ಟಾಪ್ ಸರಿಯಾಗಿತ್ತು.

"ಚಾಚಾ ಏನಂದ್ರು?"

"ಏನೂ ಅನ್ನಲಿಲ್ಲ. ತಗದ್ರು, ನೋಡಿದ್ರು, ನಕ್ರು. ಮುಂದಿನ ಸಲ ಅಕ್ಕೋರನ್ನೂ ಕರಕೊಂಡ ಬರ್ರಿ ಅಂದ್ರು."

"ಮುಂದಿನ ಸಲ?"

"ನಾನೂ ಅದನ್ನ ಕೇಳಿದೆ. ಮತ್ತ ಕೆಡತೈತೇನ್ರಿ ಅಂತ. ಕೆಡತೈತಿ ಅಂದ್ರು."

ಬುದ್ಧಿವಂತಳಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಚಾಚಾನೇ ಕೆಡುತ್ತದೆ ಎಂದಮೇಲೆ ಅವರ ಮಾತು ಸುಳ್ಳಾಗಬಾರದಲ್ಲ? ಹತ್ತು ದಿನ ಬಿಟ್ಟು ಮತ್ತೆ ಚಾಕು ತೆಗೆದುಕೊಂಡೆ.

ಈ ಸಲ ಇಬ್ಬರೂ ಹೋದೆವು. ಚಾಚಾ ಲ್ಯಾಪ್‌ಟಾಪನ್ನು ಮುಟ್ಟುವ ಮೊದಲೇ ನನ್ನ ಗಂಡನಿಗೆ ಹೇಳಿದರು: "ಸಾಹೇಬ್ರ, ಆ ಮೂಲಿ ಅಂಗಡಿಗೆ ಹೋಗಿ ಮೂರ ಚಾ ಹೇಳಿ ಬರ್ರಿ. ನೀವ ನಿಂತ ಮಾಡಿಸ್ರಿ, ಇಲ್ಲಂದ್ರ ಅಂವಾ ನೀರ ಹಾಕತಾನ."

ಇವರು ಹೋದರು. ಚಾಚಾ ಚಷ್ಮಾ ಏರಿಸಿ, ಸ್ಕ್ರೂ ತೆಗೆದು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ಅಕ್ಕೋರ, ಇದರ ತಲಿ ಮ್ಯಾಲೆ ಏನೈತಿ ನೋಡ್ರಿ."

ನೋಡಿದೆ. ಸ್ಕ್ರೂವಿನ ತಲೆಯ ಮೇಲೆ ಅಡ್ಡಡ್ಡ ಗೀರು ಬಿದ್ದಿತ್ತು. ಗೀರಿನ ಸಂದಿಯಲ್ಲಿ ಹಳದಿ.

"ಅರಿಷಿಣ," ಎಂದರು ಚಾಚಾ. "ಹೋದ ಸಲಾನೂ ಇತ್ತು. ನಲವತ್ತ ವರ್ಷದಾಗ ಸ್ಕ್ರೂಗೆ ತುಕ್ಕ ಹತ್ತಿದ್ದ ನೋಡೇನಿ, ಎಣ್ಣಿ ಹತ್ತಿದ್ದ ನೋಡೇನಿ. ಅರಿಷಿಣ ಹತ್ತಿದ್ದ ಇದ ಮೊದ್ಲು. ಇದಕ್ಕೇನು ಲಗ್ನಾ ಇಟ್ಕೊಂಡೀರೇನ್ರಿ?"

ಮೂವತ್ತೆಂಟು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ನಾನು ನೆಲ ನೋಡಿದೆ. ಆಮೇಲೆ ಎಲ್ಲ ಹೇಳಿದೆ: ಗದಗಿನ ತೆಳ್ಳನೆಯ ಲ್ಯಾಪ್‌ಟಾಪ್, ಇವರು ಕೊಟ್ಟ ಮಾತು, ಬದನೆಕಾಯಿ. ಚಾಚಾ ಗಡ್ಡ ಅಲುಗುವಂತೆ ನಕ್ಕರು. ನಕ್ಕು ಮುಗಿಸಿ, ಕೆಲಸದ ಮೇಜಿನ ಖಾನೆ ಎಳೆದು ಒಂದು ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ಎರಡು ಪುಟ್ಟ ಸ್ಕ್ರೂ ಇದ್ದವು.

"ನಂದೂ ಒಂದ ಐತ್ರಿ ಹೇಳೂದು. ಇವು ನಿಮ್ಮ ಮಷೀನಿನವ. ಮೊದಲನೇ ಸಲ ತಗದು ಹೊಳ್ಳಿ ಜೋಡಸಿದ ಮ್ಯಾಲೆ ಎರಡ ಉಳದ್ವು. ಎಲ್ಲಿವು ಅಂತ ಇನ್ನಾ ಗೊತ್ತಾಗಿಲ್ಲ. ಲ್ಯಾಪ್‌ಟಾಪ್ ಮುಟ್ಟಿದ್ದ ನನ್ನ ಜನ್ಮದಾಗ ಇದ ಮೊದ್ಲು. ಎಂಟ ದಿನಾ ಅಂದ್ನೆಲ್ಲ, ಏಳ ದಿನಾ ಬರೇ ನೋಡಿದ್ದ." ಆಮೇಲೆ ಗೋಡೆಯ ಮೇಲಿನ ರೇಡಿಯೋಗಳ ಕಡೆ ಕೈ ಮಾಡಿದರು. "ಇವು ಇನ್ನ ಬರೂದಿಲ್ರಿ. ಇದನ್ನ ಕಲತ್ರ ಇನ್ನೊಂದಿಷ್ಟ ದಿನಾ ಅಂಗಡಿ ಬಾಗಲಾ ತಗೀಬಹುದು."

ನನಗೆ ತಟ್ಟನೆ ಹೊಳೆಯಿತು. "ಚಾಚಾ, ಹಂಗಾರ ನೀವು ‘ಮುಗೀತು’ ಅಂದ ಬಿಡ್ರಿ. ನನಗ ಹೊಸಾದು ಬರತೈತಿ, ಇದು ನಿಮಗ ಕಲ್ಯಾಕ ಉಳೀತೈತಿ."

ಚಾಚಾ ಬಹಳ ಹೊತ್ತು ಗಡ್ಡ ನೀವಿಕೊಂಡರು. ಆಸೆಯಾಗಿತ್ತು, ಅದು ಕಾಣುತ್ತಿತ್ತು. "ಆಗೂದಿಲ್ಲ ಅಕ್ಕೋರ. ಸಾಹೇಬ್ರು ನನ್ನ ನಂಬಿ ಬರತಾರ. ಮುಗೀಲಾರದ್ದಕ್ಕ ಮುಗೀತು ಅನ್ನಾಕ ನನ್ನ ನಾಲಗಿ ಏಳೂದಿಲ್ಲ. ಖರೇದು ನೀವ ಹೇಳ್ರಿ ಬೇಕಾರ. ನಾ ಸುಳ್ಳ ಹೇಳೂದಿಲ್ಲ, ನಿಮ್ಮ ಚಾಡೀನೂ ಹೇಳೂದಿಲ್ಲ."

ಅಷ್ಟರಲ್ಲಿ ಇವರು ಚಹಾದ ಕೆಟಲು ಹಿಡಿದು ಬಂದರು. "ಏನಾಗೇತ್ರಿ ಚಾಚಾ?"

ಚಾಚಾ ಚಹಾ ಬಸಿಗೆ ಸುರಿದುಕೊಂಡು, ಊದಿ, ನಿಧಾನ ಕುಡಿದು ಹೇಳಿದರು: "ಇಲ್ಲಿ ಇದ್ದಾಗ ಇದಕ್ಕೇನೂ ಆಗೂದಿಲ್ಲ. ನಾ ಎಷ್ಟ ಸಲ ಮಾಡಿ ಕೊಟ್ರೂ ನಿಮ್ಮ ಮನಿಗೆ ಹೋದ ಮ್ಯಾಲೆ ಕೆಡತೈತಿ. ಇದಕ್ಕ ನಿಮ್ಮ ಮನಿ ಆಗಿ ಬಂದಿಲ್ರಿ, ಸಾಹೇಬ್ರ."

ಒಂದಕ್ಷರ ಸುಳ್ಳಿಲ್ಲ. ಮನೆಗೆ ಆಗಿ ಬರದ್ದನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ? ಇನ್ನೇನು ಹೊಸದರ ಮಾತು ಬರಬೇಕು.

ಇವರು ತಲೆ ಕೆರೆದುಕೊಂಡು ಯೋಚಿಸಿದರು. ಮುಖ ಅರಳಿತು. "ಹಂಗಾರ ಹವಾ ಬದಲಿ ಮಾಡಿದ್ರ ಆತು! ನರಗುಂದಕ್ಕ ಒಯ್ದ ಆಫೀಸಿನಾಗ ಇಡತೇನಿ."

ಚಾಚಾನ ಬಾಯಿಂದ ಚಹಾ ಚಿಮ್ಮಿತು.

ಸೋಮವಾರದಿಂದ ಲ್ಯಾಪ್‌ಟಾಪ್ ನರಗುಂದದಲ್ಲಿ ಇವರ ಕಚೇರಿಯ ಕಪಾಟು ಸೇರಿತು. ನನಗೆ ಹೊಸದೂ ಇಲ್ಲ, ಹಳೆಯದೂ ಇಲ್ಲ. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಿಸಿಲಲ್ಲಿ ನರಗುಂದದ ಬಸ್ಸು ಹಿಡಿದು, ಕಚೇರಿಯ ಮೂಲೆಯ ಮೇಜಿನಲ್ಲಿ ಕೂತು, ಎಲ್ಲರ ಎದುರು ಸಸ್ಯಗಳ ಉಸಿರಾಟ ಟೈಪು ಮಾಡಬೇಕಾಯಿತು. ಅಲ್ಲಿ ಅದು ಒಂದು ದಿನವೂ ಕೆಡಲಿಲ್ಲ. ಕೆಡಿಸುವವಳಿಗೆ ಅಲ್ಲಿ ಚಾಕುವೂ ಇರಲಿಲ್ಲ, ಏಕಾಂತವೂ ಇರಲಿಲ್ಲ.

ಇವರಿಗೋ ಚಾಚಾನ ಮೇಲೆ ಭಕ್ತಿ ಇಮ್ಮಡಿಯಾಯಿತು. "ನೋಡು, ಒಂದೂವರೆ ತಿಂಗಳಾತು. ರೋಣದ ಹವಾ ಥಂಡಿ, ನರಗುಂದದ್ದು ಒಣಾ. ಚಾಚಾ ಬರೇ ಮುಟ್ಟಿ ಹೇಳಿದ್ರು." ರೋಣಕ್ಕೂ ನರಗುಂದಕ್ಕೂ ಒಂದೇ ಎರೆಮಣ್ಣು, ಒಂದೇ ಬಿಸಿಲು, ಒಂದೇ ಗಾಳಿ. ಅದನ್ನು ಕಲಿಸುವುದು ನನ್ನ ವೃತ್ತಿ. ಆದರೂ ನಾನು, "ಇರಬಹುದ್ರಿ" ಎಂದೆ.

ಸುದ್ದಿ ಕಚೇರಿಯ ತುಂಬ ಹಬ್ಬಿತು. ಒಂದು ಶನಿವಾರ ನಾನು ಟೈಪು ಮಾಡುತ್ತಿರುವಾಗ ಇವರ ಜೊತೆಯ ಗುಮಾಸ್ತರೊಬ್ಬರು ಸ್ಟೂಲು ಎಳೆದುಕೊಂಡು ನನ್ನ ಹತ್ತಿರ ಬಂದು ಕೂತರು. "ಅಕ್ಕೋರ, ನೀವು ವಿಜ್ಞಾನದವರು ಅಂತ ಕೇಳತೇನಿ. ಮಷೀನಿಗೆ ಹವಾ ಇಷ್ಟು ಬಾಧಾ ಮಾಡತೈತಿ ಅಂದ್ರ, ಮನಷ್ಯಾರಿಗೆ?"

"ಅಂದ್ರ?"

"ನಮ್ಮ ಅತ್ತಿಯವರು ನಮ್ಮ ಮನ್ಯಾಗ ಅದಾರ. ದಿನಾ ಮೊಣಕಾಲ ಬ್ಯಾನಿ, ದಿನಾ ಸಿಟ್ಟು. ಅವರಿಗೆ ನರಗುಂದ ಆಗಿ ಬಂದಿಲ್ಲ ಅಂತ ನನಗ ಖಾತ್ರಿ ಆಗೇತಿ. ರೋಣಕ್ಕ ಇಟ್ರ ಆರಾಮ ಆಗತಾರ. ನಿಮ್ಮ ಮಗ್ಗಲಾನ ಮನಿ ಖಾಲಿ ಐತಂತಲ್ಲ? ನಿಮ್ಮ ಮನಿಯವರು ಮಾತಾಡತೇನಿ ಅಂದಾರ. ನೀವೂ ನಿಗಾ ಇಡತೀರಿ, ಚಲೋ ಆತು."

ಇವರು ದೂರದ ಮೇಜಿನಿಂದ ಪರೋಪಕಾರದ ನಗು ನಗುತ್ತಿದ್ದರು. ನಾನು ಒಂದು ಸ್ಕ್ರೂ ತಿರುಗಿಸಿದ್ದಕ್ಕೆ ಒಬ್ಬ ಮುದುಕಿ ಊರು ಬಿಡುವ ಹೊತ್ತು ಬಂದಿತ್ತು. ಅದೂ ನಮ್ಮ ಮಗ್ಗುಲಿಗೆ.

ಸಂಜೆ ಬಸ್ಸಿನಲ್ಲಿ ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಮೊದಲಿಂದ ಕಡೆಯವರೆಗೆ, ಅರಿಷಿಣದ ಸಮೇತ. ಇವರು ಕಿಟಕಿಯ ಆಚೆ ನೋಡುತ್ತ ಕೇಳಿಸಿಕೊಂಡರು. ಎರಡು ಹಳ್ಳಿ ದಾಟಿದ ಮೇಲೆ ಕೇಳಿದರು:

"ಯಾವ ಚಾಕು?"

"ಸಣ್ಣದು. ಉಳ್ಳಾಗಡ್ಡಿ ಹೆಚ್ಚೂದು."

"ಅದರ ತುದಿ ಮುರದಿದ್ದು ಅದಕ್ಕೇನು?" ಧ್ವನಿಯಲ್ಲಿ ನೋವಿತ್ತು. "ಎರಡ ಸಲ ಕಲ್ಲಿಗೆ ತಿಕ್ಕಿ ಸರಿ ಮಾಡೇನಲ್ಲ ಅದನ್ನ."

ನಾನು ನಗಬಾರದಿತ್ತು. ನಕ್ಕೆ. ಆಗ ಸಿಟ್ಟು ಬಂತು ಅವರಿಗೆ. "ಹೊಸಾದು ಬೇಕಂದ್ರ ನೇರ ಹೇಳಬೇಕು. ನಾ ಏನ್ ಹೊಡೀತಿದ್ನೇನು?"

"ಹನ್ನೊಂದ ವರ್ಷ ನೇರಾನ ಹೇಳೇನ್ರಿ," ಎಂದೆ. ನನ್ನ ದನಿ ನಾನಂದುಕೊಂಡಿದ್ದಕ್ಕಿಂತ ದೊಡ್ಡದಾಯಿತು. "ಛತ್ರಿ ಬೇಕಂದ್ನಿ, ಕಡ್ಡಿ ಹಾಕಿದ್ರಿ. ಕುಕ್ಕರ್ ಬೇಕಂದ್ನಿ, ಹಿಡಿಕಿ ಹಚ್ಚಿದ್ರಿ. ಚಪ್ಪಲ್ ಬೇಕಂದ್ನಿ, ಉಂಗಟಾ ಹೊಲಿಸಿ ತಂದ್ರಿ. ನಾ ಕೇಳಿದ್ದು ಒಂದ, ನೀವ ತಿದ್ದಿ ಕೊಡೂದು ಒಂದ."

ಕಂಡಕ್ಟರ್ ಹಿಂದಿರುಗಿ ನೋಡಿದ. ಇವರು ಬಗ್ಗಿ ನನ್ನ ಚಪ್ಪಲಿಯ ಉಂಗಟ ನೋಡಿದರು. ರೋಣದ ಬಸ್‌ಸ್ಟ್ಯಾಂಡ್ ಬಂದಾಗ ನನಗಿಂತ ಮೊದಲೇ ಇಳಿದರು.

ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಎರಡನೆಯ ದಿನ ನೋಡಿದರೆ ಹಿತ್ತಲಲ್ಲಿ ಕೂತು ಆ ಚಾಕುವನ್ನು ಮೂರನೆಯ ಸಲ ಕಲ್ಲಿಗೆ ತಿಕ್ಕುತ್ತಿದ್ದರು. ಮೂರನೆಯ ದಿನ ಚಾಚಾನಿಗೆ ಫೋನು ಮಾಡಿದ್ದು ಕೇಳಿಸಿತು. "ನೀವೂ ಅಕಿ ಕಡೇನಾ ಚಾಚಾ?... ಹೌದ್ರಿ... ಇಲ್ರಿ, ಸುಳ್ಳ ಹೇಳಿಲ್ಲ ನೀವು, ಖರೇ... ಹೌದು, ಮನಿ ಆಗಿ ಬಂದಿಲ್ಲ ಅಂದ್ರಿ..." ಆಮೇಲೆ ಇವರೇ ಜೋರಾಗಿ ನಗತೊಡಗಿದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡೆ. ನಾಲ್ಕನೆಯ ದಿನ ಊಟಕ್ಕೆ ಕೂತಾಗ, "ಭಾನುವಾರ ಹುಬ್ಬಳ್ಳಿಗೆ ಹೋಗೂಣು. ನೀನ ಆರಿಸು" ಎಂದರು. ಗುಮಾಸ್ತರ ಅತ್ತೆಗೆ ಮಗ್ಗುಲ ಮನೆ ಸಿಗಲಿಲ್ಲ ಎಂದು ಇವರೇ ಹೇಳಿ ಮುಗಿಸಿದ್ದರು. ಹೇಳಿದವರು ಇವರಾದರೂ ಆ ಸುಳ್ಳು ನನ್ನ ಲೆಕ್ಕಕ್ಕೆ ಸೇರಿತು.

ಹುಬ್ಬಳ್ಳಿಯ ಅಂಗಡಿಯಲ್ಲಿ ನಾನು ಒಂದೇ ಬೆರಳಿನಿಂದ ಎತ್ತಿ ಎತ್ತಿ ನೋಡಿ ಒಂದು ಕರಿಯದನ್ನು ಆರಿಸಿದೆ. ಇವರು ಅದನ್ನು ಬೋರಲು ಹಾಕಿ ಸ್ಕ್ರೂಗಳನ್ನು ಎಣಿಸುತ್ತಿದ್ದರು. ಅಂಗಡಿಯವನು ಗಾಬರಿಯಾಗಿ, "ತೆಗಿಬ್ಯಾಡ್ರಿ ಸರ್, ಈ ಸ್ಟಿಕರ್ ಹರದ್ರ ಗ್ಯಾರಂಟಿ ಹೋಗತೈತಿ" ಎಂದ.

"ತೆಗೆಯೋಹಂಗಿಲ್ಲಾ?" ಇವರ ಮುಖ ನೋಡಬೇಕಿತ್ತು. "ಹಂಗಾರ ಇದು ನಮ್ಮದು ಹ್ಯಾಂಗ ಆತು?"

ಅಂಗಡಿಯವನು ಬಿಲ್ಲು ಹರಿದು ಕೊಟ್ಟ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೂ ತಟ್ಟಿತು. ಆದರೂ ಚೀಲವನ್ನು ಎದೆಗವಚಿಕೊಂಡೇ ಹೊರಗೆ ಬಂದೆ.

ಹಳೆಯದನ್ನು ಇವರೇ ಹೋಗಿ ಚಾಚಾನ ಕೈಗೆ ಕೊಟ್ಟು ಬಂದರು. ಆ ಚಳಿಗಾಲವಿಡೀ ಚಾಚಾ ಅದನ್ನು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಅರ್ಥವಾಗದ ಇಂಗ್ಲಿಷ್ ಇದ್ದರೆ ಫೋನಿನಲ್ಲಿ ಒಂದೊಂದೇ ಅಕ್ಷರ ಓದಿ ನನ್ನನ್ನು ಕೇಳುತ್ತಿದ್ದರು. ಉಳಿದಿದ್ದ ಎರಡು ಸ್ಕ್ರೂಗಳ ಜಾಗ ಸಿಕ್ಕ ದಿನ ನಮಗಿಬ್ಬರಿಗೂ ಒಂದು ಪೊಟ್ಟಣ ಫೇಡೆ ಕಳಿಸಿದ್ದರು. ಅಂಗಡಿಯ ಬೋರ್ಡಿನಲ್ಲಿ ರೇಡಿಯೋ, ಟೇಪು ಎಂಬುದರ ಕೆಳಗೆ ‘ಲ್ಯಾಬಟಾಪ’ ಎಂದು ಬರೆಸಿದರು. ನಾನು ತಿದ್ದಲಿಲ್ಲ.

ಮರುವರ್ಷ ನಮ್ಮ ಶಾಲೆಗೆ ಸರಕಾರದಿಂದ ಐದು ಕಂಪ್ಯೂಟರು ಬಂದವು. ಬಂದವೆಲ್ಲ ಹೊದಿಕೆ ಹೊದ್ದುಕೊಂಡು ಒಂದು ಕೋಣೆಯಲ್ಲಿ ಕೂತವು. ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿ. ಮಕ್ಕಳು ಮುಟ್ಟಿದರೆ ಕೆಡುತ್ತವೆ ಎಂಬುದು ಅವರ ವಾದ. ಎಂಟು ತಿಂಗಳ ಮೇಲೆ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದು ತೆಗೆದು ನೋಡಿದರೆ ಒಂದೂ ಚಾಲೂ ಆಗಲಿಲ್ಲ. ನಾನು ಚಾಚಾನನ್ನು ಕರೆಸಿದೆ. ರೋಣಕ್ಕೆ ಕೆಲಸದ ಮೇಲೆ ಅವರು ಬಂದದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸ್ಕ್ರೂಡ್ರೈವರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. ನನಗೂ ಒಂದು ಸ್ಕ್ರೂಡ್ರೈವರ್ ತಂದಿದ್ದರು. "ಚಾಕು ಬ್ಯಾಡ ಅಕ್ಕೋರ," ಎಂದು ಮೆಲ್ಲಗೆ ಹೇಳಿ ಕೈಗಿತ್ತರು.

ಮೊದಲನೆಯದನ್ನು ಇಬ್ಬರೂ ಕೂಡಿ ತೆರೆದೆವು. ಒಳಗೆ ಹಲ್ಲಿಯ ಮೊಟ್ಟೆ, ಕಡಿದ ವಾಯರು, ಇಲಿ ಕೂಡಿಸಿಟ್ಟ ಕಾಗದದ ಚೂರುಗಳು. ಒಂದು ಗಂಟೆಯ ಕೆಲಸದ ನಂತರ ಪರದೆ ಬೆಳಗಿತು. ಬಾಗಿಲಲ್ಲೇ ನಿಂತಿದ್ದ ಮುಖ್ಯೋಪಾಧ್ಯಾಯರು ಕೇಳಿದರು: "ಏನಾಗಿತ್ರಿ ಇದಕ್ಕ?"

"ಏನೂ ಆಗಿಲ್ರಿ ಸರ," ಎಂದರು ಚಾಚಾ. "ಯಾರೂ ಮುಟ್ಟಿಲ್ಲ. ಅದಕ್ಕ ಕೆಟ್ಟೈತಿ."

"ಚಲೋ ಆತು. ಈಗ ಹೊಚ್ಚಿ ಇಟ್ಟ ಬಿಡ್ರಿ."

ಚಾಚಾ ನನ್ನ ಮುಖ ನೋಡಿದರು. ನಾನು ಹೊದಿಕೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು, ಅದರ ಮೇಲೇ ಕೂತುಬಿಟ್ಟೆ.